ಮನೆಯ ಮದ್ದಿನ ಪೆಟ್ಟಿಗೆ: ಅಂಕಿ ದೊಡ್ಡದೋ, ಮದ್ದು ದೊಡ್ಡದೋ?



ಸಂಘದ ದೀಪಾವಳಿ ಫರಾಳ ಮುಗಿದು ಎಲ್ಲರೂ ತಂತಮ್ಮ ಚಪ್ಪಲಿ ಹುಡುಕುತ್ತಿದ್ದ ಹೊತ್ತಿಗೆ, ನಾಸಿಕದ ಸಾತಪೂರದಲ್ಲಿ ಕೆಲಸಕ್ಕಿರುವ ತರುಣರೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ತಾಯಿ ಛತ್ರಪತಿ ಸಂಭಾಜಿನಗರದಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ. ಅರ್ಬುದ ರೋಗ, ಎಲುಬಿಗೂ ಇಳಿದಿದೆ. ಇಷ್ಟು ದಿನ ಟ್ರಾಮಡಾಲ್ 100 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ನಡೆದಿತ್ತು. ನೋವು ತಡೆಯಲಾರದೆ ಮತ್ತೆ ತೋರಿಸಿದಾಗ ವೈದ್ಯರು ಮಾರ್ಫಿನ್ 10 ಮಿಲಿಗ್ರಾಂ, ನಾಲ್ಕು ತಾಸಿಗೊಮ್ಮೆ ಎಂದು ಬರೆದುಕೊಟ್ಟಿದ್ದಾರೆ.

“ಕಾಕಾ, ನೂರರಿಂದ ಹತ್ತಕ್ಕ ಇಳಿಸ್ಯಾರ್ರಿ. ಮೊದಲಿನ ಗುಳಿಗಿನ ಜೋರ ಇತ್ತಲ್ಲ? ಅಣ್ಣ ನೋಡಿದ್ರ, ಮಾರ್ಫಿನ್ ಅಂದ್ರ ಕಡೀ ಔಷಧ, ಅವ್ವಗ ಕೊಡೂದ ಬ್ಯಾಡ ಅಂತಾನ.”

ಚೀಟಿ ಎಂಟು ದಿನದಿಂದ ಕಪಾಟಿನಲ್ಲಿತ್ತು. ತಾಯಿ ಎಂಟು ರಾತ್ರಿ ಮಲಗಿರಲಿಲ್ಲ.

ಔಷಧದಂಗಡಿಯ ಗಲ್ಲೆಯ ಹಿಂದೆ ಮೂವತ್ತು ವರ್ಷ ನಿಂತ ನನಗೆ ಈ ಅಂಕಿಯ ಭ್ರಮೆ ಹೊಸದಲ್ಲ. ಮಿಲಿಗ್ರಾಂ ಎಂಬುದು ತೂಕವೇ ಹೊರತು ಬಲವಲ್ಲ. ಸಾರಿಗೆ ಹಿಡಿ ಬೇಳೆ ಹಾಕುತ್ತೇವೆ, ಇಂಗು ಕಡಲೆಕಾಳಿನಷ್ಟು. ಮನೆಯೆಲ್ಲ ಘಮಘಮಿಸುವುದು ಯಾವುದು? ಅಫೀಮಿನ ಬಳಗದ ಔಷಧಗಳನ್ನು ತೂಗಿ ನೋಡಲು ವೈದ್ಯರು ಮಾರ್ಫಿನ್ನನ್ನೇ ತೂಕದ ಕಲ್ಲಾಗಿ ಇಟ್ಟುಕೊಂಡಿದ್ದಾರೆ. ಬಾಯಿಯಿಂದ ಕೊಡುವ 10 ಮಿಲಿಗ್ರಾಂ ಮಾರ್ಫಿನ್ನಿಗೆ ಟ್ರಾಮಡಾಲ್ ಆದರೆ ಸುಮಾರು 100 ಬೇಕು, ಕೊಡೀನ್ ಆದರೂ ಸುಮಾರು 100 ಬೇಕು. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯ ಲೆಕ್ಕ ಮಿಲಿಗ್ರಾಂನಲ್ಲಿ ಅಲ್ಲ, ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಂನಲ್ಲಿ. ಅದೇ ಮಾರ್ಫಿನ್ನನ್ನು ಚುಚ್ಚಿದರೆ ಬಾಯಿಯಿಂದ ಕೊಟ್ಟದ್ದರ ಮೂರರಲ್ಲೊಂದು ಪಾಲೇ ಸಾಕು.

ಆದ್ದರಿಂದ ವೈದ್ಯರು ಆ ತಾಯಿಗೆ ಇಳಿಸಿರಲಿಲ್ಲ, ಏರಿಸಿದ್ದರು. ದಿನದ 400 ಟ್ರಾಮಡಾಲ್ ಸುಮಾರು 40 ಮಾರ್ಫಿನ್ನಿಗೆ ಸಮ; ಈಗ ಬರೆದದ್ದು 60.

ಈ ಕೋಷ್ಟಕವನ್ನು ಕತ್ತರಿಸಿ ಗೋಡೆಗೆ ಅಂಟಿಸಬೇಡಿರಿ! ಕೊಡೀನ್ ನಮ್ಮ ಪಿತ್ತಜನಕಾಂಗದಲ್ಲಿ ಮಾರ್ಫಿನ್ ಆಗಿ ಮಾರ್ಪಟ್ಟಾಗಲೇ ಕೆಲಸ ಮಾಡುತ್ತದೆ. ಕೆಲವರ ದೇಹ ಈ ಮಾರ್ಪಾಟನ್ನು ಮಾಡುವುದೇ ಇಲ್ಲ. ಕೆಲವರ ದೇಹ ಅತಿವೇಗವಾಗಿ ಮಾಡಿ ಅಪಾಯ ತರುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಲೆಕ್ಕವನ್ನು ವೈದ್ಯರೇ ಮಾಡಬೇಕು. ಹಳೆಯದನ್ನು ನಿಲ್ಲಿಸಬೇಕೋ ಬೇಡವೋ ಎಂದು ಅವರನ್ನೇ ಕೇಳಬೇಕು. ನಿದ್ದೆಗುಳಿಗೆ, ಮದ್ಯ ಇವುಗಳ ಜೊತೆ ಸೇರಿದರೆ ಉಸಿರೇ ಕುಗ್ಗೀತು.

ನಮ್ಮ ಮನೆಗಳಲ್ಲಿ ನಿತ್ಯ ಕಾಣುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇರೆಯೇ ಕುಲದವು. ಅವನ್ನು ಈ ತಕ್ಕಡಿಯಲ್ಲಿ ಇಡಲಾಗದು. ಹಲ್ಲು ಕಿತ್ತ ನೋವಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಕೂಡಿಸಿ ಕೊಟ್ಟರೆ, ಅಫೀಮಿನ ಮಗನಾದ ಕೊಡೀನ್ ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚು ಜನರಿಗೆ ಗುಣ ಕಂಡಿದೆ. ಆದರೆ “ಬರೇ 50ರ ಗುಳಿಗಿ” ಎಂದು ಮೊಣಕಾಲ್ನೋವಿನ ಅಜ್ಜಿಗೆ ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ಕೊಡುವವರಿದ್ದಾರೆ. ಜಠರದಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ಎಲ್ಲವೂ ಅದರಿಂದ ಆಗಬಹುದು. ದನಗಳಿಗೆ ಕೊಟ್ಟ ಇದೇ ಔಷಧ, ಅವುಗಳ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. 2006ರಲ್ಲಿ ಸರಕಾರ ದನಗಳಿಗೆ ಕೊಡುವುದನ್ನು ನಿಷೇಧಿಸಿತು.

ಇನ್ನು ಅಣ್ಣನ ಭಯ. ಮಾರ್ಫಿನ್ ಕೊಟ್ಟರೆ ಸಾವು ಬಂತು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಕಡೆಗಳಿಗೆಯಲ್ಲಿ ಮಾತ್ರ ಕೊಟ್ಟರೆ ಜನ ಹಾಗೆಂದುಕೊಳ್ಳದೆ ಏನು ಮಾಡಿಯಾರು? 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅರ್ಬುದದ ನೋವಿಗೆ ಮೂರು ಮೆಟ್ಟಿಲು ಹಾಕಿಕೊಟ್ಟಿತು: ಮೊದಲು ಪ್ಯಾರಾಸಿಟಮಾಲಿನಂಥವು, ಬಳಿಕ ಕೊಡೀನಿನಂಥವು, ಆಮೇಲೆ ಮಾರ್ಫಿನ್. ಮೆಟ್ಟಿಲು ಹತ್ತಿಸುವುದು ನೋವಿನ ಮಟ್ಟ, ಉಳಿದಿರುವ ಆಯುಷ್ಯವಲ್ಲ. ನಮ್ಮದೇ ದೇಶದಲ್ಲಿ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ, ಪರವಾನಗಿಯ ಮೇಲೆ ಅಫೀಮು ಬೆಳೆಯುತ್ತಾರೆ. ಆದರೂ 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ನಿನ ಗೊಡವೆಯೇ ಬೇಡವೆಂದುಬಿಟ್ಟವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು. ಇಂದಿಗೂ ಎಲ್ಲ ಅಂಗಡಿಗಳಲ್ಲಿ ಸಿಗದು. ಎಲ್ಲಿ ಸಿಗುತ್ತದೆಂದು ಚೀಟಿ ಬರೆದವರನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ತರುಣರು ಅಲ್ಲಿಯೇ ನಿಂತು ಅಣ್ಣನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅರ್ಧ ತಾಸು ಮಾತಾಯಿತು. ಅಣ್ಣನದು ಒಂದೇ ಪ್ರಶ್ನೆ: “ಕೊಟ್ಟ ಮ್ಯಾಲೆ ಅವ್ವ ನಮ್ಮನ್ನ ಗುರ್ತಾ ಹಿಡೀತಾಳೇನ್ರಿ?” ಮೊದಲ ಒಂದೆರಡು ದಿನ ಮಂಪರಿರಬಹುದು, ಆಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದೆ.

ನಾಲ್ಕನೆಯ ದಿನ ಆ ಅಣ್ಣನೇ ಫೋನು ಮಾಡಿದರು. ತಾಯಿ ರಾತ್ರಿ ಐದು ತಾಸು ಮಲಗಿದ್ದರಂತೆ. ಬೆಳಿಗ್ಗೆ ಎದ್ದು, ನಾಸಿಕದ ಮಗ ಯಾವಾಗ ಬರುತ್ತಾನೆಂದು ಕೇಳಿದರಂತೆ. ಮಲಬದ್ಧತೆಗೆಂದು ಅದೇ ಚೀಟಿಯಲ್ಲಿ ಬರೆದಿದ್ದ ಔಷಧವನ್ನು ಮಾತ್ರ ತಂದಿರಲಿಲ್ಲ. ಸಂಜೆಯೊಳಗೆ ತರಲು ಹೇಳಿದೆ.