ಐರೋಲಿಯ ವಿದ್ಯುತ್ ಕೇಂದ್ರವೂ ನಮ್ಮ ದಿನದ ದುಡಿಮೆಯೂ

ಠಾಣೆ-ಬೇಲಾಪುರ ರಸ್ತೆಯಾಗಿ ದಿನವೂ ಕೆಲಸಕ್ಕೆ ಹೋಗಿಬರುವ ನಮ್ಮ ಬಾಂಧವರಲ್ಲಿ, ಐರೋಲಿಯ ಆ ಉಕ್ಕಿನ ಕಂಬಗಳ ಅಡವಿಯನ್ನು ಕಣ್ಣೆತ್ತಿ ನೋಡಿದವರು ವಿರಳ. ಹೆಸರು ಕಲ್ವಾ ಕೇಂದ್ರವೆಂದಿದ್ದರೂ ಅದಿರುವುದು ಐರೋಲಿಯಲ್ಲಿ. ಮಹಾರಾಷ್ಟ್ರದ ವಿದ್ಯುತ್ ಪೂರೈಕೆಯನ್ನು ಹಗಲಿರುಳು ತೂಗಿ ನಡೆಯಿಸುವ ರಾಜ್ಯ ಭಾರ ನಿಯಂತ್ರಣ ಕೇಂದ್ರವೂ ಅಲ್ಲಿಯೇ ಇದೆ.

ವಿದ್ಯುತ್ತನ್ನು ಹುಟ್ಟಿಸುವುದು ಒಂದು ಕೆಲಸವಾದರೆ, ಅದನ್ನು ಹೊತ್ತು ತಂದು ಬಡಿಸುವುದು ಇನ್ನೊಂದು. ಚಂದ್ರಪುರದ ಕಡೆಯಿಂದ ೭೫೨ ಕಿಲೋಮೀಟರಿನ ತಂತಿಯಲ್ಲಿ ಭಿವಂಡಿ ಬಳಿಯ ಪಡಘಾಕ್ಕೆ ವಿದ್ಯುತ್ತನ್ನು ತರುವ ಏರ್ಪಾಡು ೧೯೯೯ರಲ್ಲಿ ಆಯಿತು. ಪಡಘಾದಿಂದ ಐರೋಲಿಗೆ ಬರುವುದು ೪ ಲಕ್ಷ ವೋಲ್ಟಿನ ಒತ್ತಡದಲ್ಲಿ. ಒತ್ತಡ ಹೆಚ್ಚಿದಷ್ಟೂ ದಾರಿಯಲ್ಲಿ ಸೋರುವುದು ಕಡಿಮೆ. ಅದನ್ನು ೨ ಲಕ್ಷ ೨೦ ಸಾವಿರಕ್ಕೆ ಇಳಿಸಿ ಊರೂರಿನ ಕೇಂದ್ರಗಳಿಗೆ ಕಳುಹುವುದೂ, ಕೆಟ್ಟ ತಂತಿಯನ್ನು ಕ್ಷಣಮಾತ್ರದಲ್ಲಿ ಕಳಚಿ ಉಳಿದುದನ್ನು ಕಾಪಾಡುವುದೂ ಇಂತಹ ಕೇಂದ್ರದ ಕರ್ತವ್ಯ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮೇಲೆಯೇ ನಮ್ಮ ಮನೆಯ ದೀಪಕ್ಕೆ ಅದು ೨೩೦ ವೋಲ್ಟಾಗಿ ದೊರೆಯುತ್ತದೆ.

ಈ ಕರ್ತವ್ಯ ತಪ್ಪಿದರೆ ಏನಾಗುವುದೆಂಬುದನ್ನು ೨೦೨೦ರ ಅಕ್ಟೋಬರ್ ೧೨ರಂದು ಕಂಡೆವು. ತಳೇಗಾಂವ್‌ನಿಂದ ಕಲ್ವಾಕ್ಕೆ ಬರುವ ತಂತಿ ಎರಡು ದಿನ ಮೊದಲೇ ಕೆಟ್ಟು ಕುಳಿತಿತ್ತು. ಪಡಘಾದ ಎರಡು ತಂತಿಗಳಲ್ಲೊಂದು ಆ ದಿನ ನಸುಕಿನಲ್ಲಿ ನಿಂತಿತು. ಹತ್ತು ಗಂಟೆಗೆ ತುಸು ಮುಂಚೆ, ಕಲ್ವಾ ಕೇಂದ್ರದ ಉಪಕರಣವೊಂದರಲ್ಲಿ ಕಿಡಿ ಹಾರತೊಡಗಿದ್ದರಿಂದ ಎರಡನೆಯದನ್ನೂ ಕಳಚಬೇಕಾಯಿತು. ಭಾರವೆಲ್ಲ ಪುಣೆ-ಖಾರಘರ್ ತಂತಿಯ ಮೇಲೆ ಬಿದ್ದು ಅದೂ ಕೈಬಿಟ್ಟಿತು. ಇಂತಹ ಹೊತ್ತಿನಲ್ಲಿ ಮುಂಬಯಿಯನ್ನು ದ್ವೀಪದಂತೆ ಬೇರ್ಪಡಿಸಿ ಉಳಿಸಬೇಕಾದ ಏರ್ಪಾಡೂ ನಿಲ್ಲಲಿಲ್ಲ. ನಾಲ್ಕು ಒಲೆಗಳಲ್ಲಿ ಮೂರು ಆರಿದ ಮೇಲೆ ಊರಿನ ಊಟವನ್ನೆಲ್ಲ ಒಂದೇ ಒಲೆಯ ಮೇಲೆ ಏರಿಸಿದಂತಾಯಿತು.

ಅದು ಎಂತಹ ಸಮಯ! ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಹೋಟೆಲುಗಳು ಅರ್ಧದಷ್ಟು ಗಿರಾಕಿಗಳಿಗೆಂದು ತೆರೆದು ಕೇವಲ ಒಂದು ವಾರವಾಗಿತ್ತು. ಹೋಟೆಲು ನಡೆಯಿಸಿ ಬಂದ ನಮಗೆ ಇದರ ಅರ್ಥ ತಿಳಿಯದೆ ಇಲ್ಲ. ಜನರೇಟರ್ ಇದ್ದವನು ಡೀಸೆಲ್ ಸುಟ್ಟು ಪಾರಾಗುತ್ತಾನೆ. ಇಲ್ಲದವನ ಹಿಟ್ಟು ರುಬ್ಬುಗಲ್ಲಿನಲ್ಲಿಯೇ ಉಳಿಯುತ್ತದೆ, ಹಾಲು ಒಡೆಯುತ್ತದೆ. ಕೊನೆಗೆ ನಷ್ಟ ದಿನಗೂಲಿಯ ಮಾಣಿಯ ತಲೆಯ ಮೇಲೆ ಬರುತ್ತದೆ. ಲೋಕಲ್ ಗಾಡಿಗಳು ನಡುದಾರಿಯಲ್ಲಿ ನಿಂತವು. ವಿದ್ಯಾರ್ಥಿಗಳ ಪರೀಕ್ಷೆಗಳು ಮುಂದೆ ಹೋದವು.

ಇದು ಪರದೇಶದ ಕೈವಾಡವೆಂಬ ಮಾತು ಕೆಲಕಾಲ ಹಬ್ಬಿತ್ತು. ಮಾನವ ದೋಷವೇ ಕಾರಣವೆಂದು ೨೦೨೧ರಲ್ಲಿ ಕೇಂದ್ರದ ವಿದ್ಯುತ್ ಸಚಿವರು ಸಾರಿದರು. ನಮ್ಮ ಅಭಿಪ್ರಾಯದಲ್ಲಿ ಇದರ ಪಾಠ ಸರಳವಾದುದು: ಒಂದು ತಂತಿ ಕೆಟ್ಟ ದಿನವೇ ಅದನ್ನು ಸರಿಪಡಿಸಲು ಓಡಬೇಕು, ಉಳಿದವು ನಡೆಯುತ್ತಿವೆಯೆಂದು ಸುಮ್ಮನಿರುವುದು ತರವಲ್ಲ. ಖಾರಘರ್-ವಿಕ್ರೋಲಿ ಮಾರ್ಗವು ೨೦೨೩ರಲ್ಲಿ ಸಿದ್ಧವಾದುದು ಸಂತೋಷದ ಸಂಗತಿ. ಆದರೆ ಹೊಸ ತಂತಿ ಎಳೆದ ಮಾತ್ರಕ್ಕೆ ಹಳೆಯ ಉಪಕರಣದ ಆರೈಕೆ ಮಾಡಿದಂತಾಗದು.

ನಮ್ಮ ಪಾಲಿನ ಹೊಣೆಯೂ ಉಂಟು. ದುರಸ್ತಿಗಾಗಿ ಒಂದೆರಡು ತಾಸು ವಿದ್ಯುತ್ ನಿಲ್ಲಿಸುವೆವೆಂದು ಮುಂದಾಗಿ ತಿಳಿಸಿದರೆ ಗೊಣಗುವವರಲ್ಲಿ ಮಾಲಕರಾದ ನಾವೇ ಮೊದಲಿಗರು. ತಿಳಿಸಿ ನಿಲ್ಲಿಸಿದ ಎರಡು ತಾಸಿಗೆ ಹಿಟ್ಟನ್ನು ಮುಂಚೆಯೇ ರುಬ್ಬಿಟ್ಟುಕೊಳ್ಳಬಹುದು. ತಾನಾಗಿ ನಿಂತ ದಿನಕ್ಕೆ ಉಪಾಯವಿಲ್ಲ. ಹೈಟೆನ್ಶನ್ ತಂತಿಗಳ ಕೆಳಗೆ ತಗಡಿನ ಮಾಡು ಕಟ್ಟಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವುದನ್ನೂ ಬಿಡಬೇಕು.

೨೦೧೩ರ ಡಿಸೆಂಬರ್ ೩೧ರಂದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ ದಕ್ಷಿಣದ ಜಾಲವು ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ನಮ್ಮೂರಿನ ದೀಪವೂ ಐರೋಲಿಯ ದೀಪವೂ ಒಂದೇ ಜಾಲದಲ್ಲಿ ಉರಿಯುತ್ತಿವೆ. ಈ ಜಾಲವನ್ನು ಕಾಯುವ ಕೆಲಸಗಾರರಿಗೆ ಸಾಕಷ್ಟು ಕೈಗಳನ್ನೂ ಸಾಕಷ್ಟು ಸಮಯವನ್ನೂ ಒದಗಿಸಬೇಕೆಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ.