ಬಿದಿರಿನ ಮಾಡು: ಒಂದು ವಿಚಾರ

ಆಷಾಢದ ಜಡಿಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಪಾಠ ಹೇಳಿದ ಉಪಾಧ್ಯಾಯರಿಗೆ ನಾನು ಹೇಳಹೊರಟಿರುವ ಮಾತು ಬೇಗನೆ ಅರ್ಥವಾದೀತು. ಗುರುಗಳ ಕಂಠ ಮುಂದಿನ ಸಾಲಿನ ಮಕ್ಕಳನ್ನೂ ತಲುಪುವುದಿಲ್ಲ. ವೈಶಾಖ ಬಂದರೆ ಅದೇ ತಗಡು ಕಾದ ಕಾವಲಿಯಾಗುತ್ತದೆ. ಆದರೂ ನಾನು ನೆಲೆಸಿರುವ ಕಾವೂರಿನಿಂದ ಮರವೂರು ಸೇತುವೆಯ ಕಡೆಗೆ ಸಾಗುವ ಹಾದಿಯ ಇಕ್ಕೆಲಗಳಲ್ಲಿ ಕಾಣುವುದೇನು? ಕಾಂಕ್ರೀಟಿನ ತಾರಸಿ; ಆ ತಾರಸಿ ಸೋರದಂತೆ ಅದರ ಮೇಲೊಂದು ತಗಡಿನ ಮಾಡು. ಒಂದು ಮನೆಗೆ ಎರಡು ಮಾಡು! ಕಡಲಿನ ಉಪ್ಪುಗಾಳಿಗೆ ಆ ತಗಡೂ ಬಹುಕಾಲ ಬಾಳುವುದಿಲ್ಲ.

ನಮ್ಮ ವಿದ್ಯಾಸಂಸ್ಥೆಯ ಪ್ರಸಾದ ನಿಲಯಕ್ಕೆ ಹೊಸದೊಂದು ಊಟದ ಚಾವಡಿ ಕಟ್ಟುವ ಆಲೋಚನೆಯಿದೆಯೆಂದು ಕೇಳಿದ್ದೇನೆ. ಹಳೆಯ ವಿದ್ಯಾರ್ಥಿಯಾಗಿ ನನ್ನ ವಿನಂತಿ ಇಷ್ಟೆ: ಅದರ ಮಾಡನ್ನು ಬಿದಿರಿನಿಂದ ಕಟ್ಟಬೇಕು.

ಇದು ಹೊಸ ಮಾತೇನೂ ಅಲ್ಲ. ತುಳುನಾಡಿನ ಬಡವನ ಮನೆ ಬಿದಿರಿನ ಗಳಗಳ ಮೇಲೆ ಮುಳಿಹುಲ್ಲನ್ನೋ ತೆಂಗಿನ ಮಡಲನ್ನೋ ಹೊದ್ದು ನಿಂತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹುಲ್ಲು ಹಿಂದೆ ಸರಿಯಿತು. ಹೆಂಚಿಗೆ ತಕ್ಕಂತೆ ಮರದ ಪಕ್ಕಾಸು, ರೀಪುಗಳು ಬಂದವು. ಬಿದಿರು ಮದುವೆಯ ಚಪ್ಪರಕ್ಕೆ ಇಳಿಯಿತು. ಇದನ್ನು ಅವನತಿಯೆಂದು ನಾನು ಹೇಳಲಾರೆ. ಮುಳಿಮಾಡಿಗೆ ಕಿಡಿಯ ಭಯವಿತ್ತು, ವರ್ಷ ವರ್ಷ ಹೊದಿಸುವ ಖರ್ಚಿತ್ತು. ಹೋಗಬೇಕಾಗಿದ್ದದ್ದು ಹುಲ್ಲು ಮಾತ್ರ. ಜೊತೆಯಲ್ಲಿ ಬಿದಿರೂ ಹೋಯಿತು.

“ಬಿದಿರು ಎರಡು ವರ್ಷಕ್ಕೆ ಕುಟ್ಟೆ ಹಿಡಿದು ಪುಡಿಯಾಗುತ್ತದೆ” ಎಂಬ ಆಕ್ಷೇಪ ನಿಜವೇ. ಆದರೆ ಕುಟ್ಟೆಹುಳು ಬರುವುದು ಗಳದೊಳಗಿನ ಪಿಷ್ಟವನ್ನು ತಿನ್ನಲು. ಎಳೆಯ ಗಳವನ್ನು ಕಡಿದು ಹಸಿಯಾಗಿಯೇ ಏರಿಸಿದರೆ ಹುಳುವಿಗೆ ಔತಣವಿತ್ತಂತೆ. ಮೂರು ನಾಲ್ಕು ವರ್ಷ ಬಲಿತ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿದು ಕೆಲವು ವಾರ ಹರಿವ ನೀರಿನಲ್ಲಿ ಮುಳುಗಿಸಿಡುವುದು ಹಿರಿಯರ ಕ್ರಮ. ನೀರು ಆ ಪಿಷ್ಟವನ್ನು ಬಹುಮಟ್ಟಿಗೆ ತೊಳೆದುಬಿಡುತ್ತದೆ. ಇಂದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಗಳಕ್ಕೆ ಉಣಿಸುವ ವಿಧಾನವಿದೆ. ಈ ಲವಣ ಮಳೆಯ ನೀರಿಗೆ ಕರಗಿ ಹೋಗುವುದರಿಂದ ಬಿದಿರು ನೆನೆಯಬಾರದು, ನೆಲದ ತೇವವನ್ನೂ ಮುಟ್ಟಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದನ್ನು ಮರೆತವನ ಮಾಡು ಉಳಿಯದು. ಅಗಲವಾದ ಸೂರು, ಕಲ್ಲಿನ ಕಂಬ, ಮೇಲೆ ಹೆಂಚು: ಇಷ್ಟಿದ್ದರೆ ಬಿದಿರು ಒಣಗಿಯೇ ಇರುತ್ತದೆ.

ಇದಕ್ಕಿಂತ ಕಠಿಣವಾದ ತೊಡಕು ಹೆಂಚಿನದು. ಒಂದೊಂದು ಮಂಗಳೂರು ಹೆಂಚು ಎರಡು ಕಿಲೋಗ್ರಾಮಿಗೂ ಮಿಗಿಲಾದ ತೂಕದ್ದು. ಬಿದಿರಿಗೆ ಆ ಭಾರವನ್ನು ಹೊರುವ ಕಸುವಿದೆ, ಇಲ್ಲದಿರುವುದು ನೇರ. ಗಳ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ, ಗೆಣ್ಣುಗೆಣ್ಣಿಗೂ ಉಬ್ಬು. ಅದರ ಮೇಲೆ ನೇರವಾಗಿ ಕೂರಿಸಿದ ಹೆಂಚು ಒಂದಕ್ಕೊಂದು ಕಚ್ಚಿಕೊಳ್ಳದೆ ಸೋರುತ್ತದೆ. ಆದ್ದರಿಂದ ಪಕ್ಕಾಸು ಬಿದಿರಿನದಾಗಲಿ, ರೀಪು ಮಾತ್ರ ಮಟ್ಟ ನೋಡಿ ಕೂರಿಸಿದ ಮರದ್ದೋ ಅಡಿಕೆಯ ಸಲಕೆಯದ್ದೋ ಆಗಿರಲಿ. ಮೊಳೆ ಹೊಡೆದರೆ ಗಳ ಸೀಳುತ್ತದೆ. ಗೆಣ್ಣಿನ ಸಮೀಪ ತೂತು ಕೊರೆದು ಬೋಲ್ಟು ಹಾಕಬೇಕು. ಭಾರ ಹೆಚ್ಚಿರುವ ಕಡೆ ಗಳದ ಪೊಳ್ಳಿಗೆ ಸಿಮೆಂಟಿನ ಗಾರೆ ತುಂಬುವುದೂ ಉಂಟು. ಬಿದಿರಿನ ಕಟ್ಟಡಗಳ ವಿನ್ಯಾಸಕ್ಕೆಂದೇ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಸಂಹಿತೆಯನ್ನು ಹೊರತಂದಿರುವಾಗ ಇದನ್ನು ಗುಡಿಸಲಿನ ವಿದ್ಯೆಯೆಂದು ಮೂಗು ಮುರಿಯುವುದು ತರವಲ್ಲ.

ಬಿದಿರಿಗೆ ಅಂಟಿದ ಹೀನಾಯಕ್ಕೆ ಅದರ ಗುಣಕ್ಕಿಂತ ನಮ್ಮ ನೀತಿಯೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ. ಬುಟ್ಟಿ ಹೆಣೆದು ದಾಸೋಹ ನಡೆಸಿದ, ‘ಗವರೇಶ್ವರ’ ಅಂಕಿತದಲ್ಲಿ ವಚನಗಳನ್ನು ರಚಿಸಿದ ಮೇದಾರ ಕೇತಯ್ಯನವರನ್ನು ಜಯಂತಿಗಳಂದು ಕೊಂಡಾಡುತ್ತೇವೆ. ಆದರೆ ಸ್ವಾತಂತ್ರ್ಯಾನಂತರ ನಮ್ಮ ರಾಜ್ಯದ ಕಾಡಿನ ಬಿದಿರು ಕಾಗದದ ಕಾರ್ಖಾನೆಗಳಿಗೆ ಅತ್ಯಲ್ಪ ಬೆಲೆಗೆ ಹೋಗುತ್ತಿದ್ದಾಗ, ಅದೇ ಬಿದಿರಿಗೆ ಮೇದಾರರು ಹಲವು ಪಟ್ಟು ಹೆಚ್ಚು ತೆರಬೇಕಾಗಿತ್ತು. ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳರು ಈ ಅನ್ಯಾಯವನ್ನು ಎತ್ತಿ ತೋರಿಸಿದರು. (ಇಂತಹ ಲೇಖನಗಳೂ ಕಾಗದದ ಮೇಲೆಯೇ ಅಚ್ಚಾಗುತ್ತವೆಂಬುದನ್ನು ನಾನು ಮರೆತಿಲ್ಲ.) ಸಸ್ಯಶಾಸ್ತ್ರದಲ್ಲಿ ಹುಲ್ಲಿನ ಕುಲಕ್ಕೆ ಸೇರಿದ ಬಿದಿರನ್ನು 1927ರ ಅರಣ್ಯ ಕಾಯಿದೆ ಮರವೆಂದು ಎಣಿಸಿತ್ತು. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಆ ಕಟ್ಟಿನಿಂದ ಬಿಡುಗಡೆ ಹೊಂದಿತು. ತೊಂಬತ್ತು ವರ್ಷ ಹಿಡಿಯಿತು!

ಈಗ ಸಿರಿವಂತರು ಬಿದಿರನ್ನು ಕಂಡುಕೊಂಡಿದ್ದಾರೆ. 2022ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಒಳಮಾಳಿಗೆಗೆಲ್ಲ ಸಂಸ್ಕರಿಸಿದ ಬಿದಿರಿನ ಅಲಂಕಾರ. ನೋಡಲು ಸೊಗಸು. ಆದರೆ ಅಲ್ಲಿ ಭಾರ ಹೊತ್ತಿರುವುದು ಉಕ್ಕು. ಬಿದಿರು ಕೇವಲ ಒಡವೆ. ನಾನು ಕೇಳುತ್ತಿರುವುದು ಒಡವೆಯ ಬಿದಿರನ್ನಲ್ಲ, ದುಡಿಯುವ ಬಿದಿರನ್ನು.

ಮೊದಲ ಚಾವಡಿಗೆ ಗಳಗಳನ್ನು ಹೊರಗಿನಿಂದ ಕೊಂಡು ತರಬೇಕಾದೀತು, ಸಂಸ್ಕರಣೆಗೆ ತೊಟ್ಟಿಯನ್ನೂ ಕಟ್ಟಬೇಕಾದೀತು. ಆದ್ದರಿಂದ ತಗಡಿಗಿಂತ ಅಗ್ಗವೆಂಬ ಭರವಸೆಯನ್ನು ನಾನು ಕೊಡಲಾರೆ. ಕೆಲಸ ಬಲ್ಲ ಮೇದಾರರನ್ನು ಕರೆಸಿ, ಅವರಿಗೆ ಬಡಗಿಗೆ ಕೊಡುವಷ್ಟೇ ಕೂಲಿ ಕೊಟ್ಟು, ಮೇಲಿನ ತರಗತಿಗಳ ಹುಡುಗ ಹುಡುಗಿಯರನ್ನು ಅವರ ಕೈಕೆಳಗೆ ಒಂದು ತಿಂಗಳು ನಿಲ್ಲಿಸಬೇಕು. ಬರುವ ಮಳೆಗಾಲದ ಮೊದಲಲ್ಲೇ ಶಾಲೆಯ ಬೇಲಿಯ ಬದಿಗೆ ಇಪ್ಪತ್ತು ಮೆಳೆಗಳಿಗಾಗುವಷ್ಟು ಸಸಿಗಳನ್ನು ನೆಟ್ಟರೆ, ಇಂದು ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯದನ್ನು ಮುಗಿಸುವ ಹೊತ್ತಿಗೆ ಎರಡನೆಯ ಚಾವಡಿಯ ಗಳಗಳು ಅಲ್ಲಿಯೇ ಬಲಿತು ನಿಂತಿರುತ್ತವೆ.