ಯಜಮಾನರ ಸರದಿ

ಈ ವಾರದ ವಿಷಯ ಪಡಸಾಲೆಯಲ್ಲಿ ಎತ್ತುವಂಥದಲ್ಲವೆಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಪಡಸಾಲೆಯಲ್ಲಿ ಎತ್ತದಿರುವುದರಿಂದಲೇ ಅದು ಹೆರಿಗೆಯ ವಾರ್ಡಿನಲ್ಲಿ, ಬಾಣಂತಿಯ ಮಂಚದ ಪಕ್ಕದಲ್ಲಿ, ಅವಸರದಿಂದ ತೀರ್ಮಾನವಾಗಿಬಿಡುತ್ತದೆ. ಎರಡನೆಯ ಮಗುವಾಯಿತು, ಇನ್ನು ಸಾಕು, ಆಕೆಗೆ ಆಪರೇಶನ್ ಮಾಡಿಸಿಬಿಡೋಣ ಎನ್ನುತ್ತಾರೆ. ಆಕೆಗೇ ಏಕೆ ಎಂಬ ಪ್ರಶ್ನೆ ನಮ್ಮ ವಿಜಯಪುರದ ಎಷ್ಟು ಮನೆಗಳಲ್ಲಿ ಹುಟ್ಟುತ್ತದೆಯೋ ಕಾಣೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ವಿವಾಹಿತ ದಂಪತಿಗಳಲ್ಲಿ ಶೇಕಡ 37.9ರಷ್ಟು ಕಡೆ ಹೆಂಡತಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾಳೆ. ಗಂಡ ಮಾಡಿಸಿಕೊಂಡದ್ದು ಶೇಕಡ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧವನ್ನೂ ಮೀರಿದೆ. ಗಂಡಸರ ಪಾಲು ಸೊನ್ನೆಯ ಆಸುಪಾಸಿನಲ್ಲಿದೆ. ಸಂಸಾರದ ಎಲ್ಲ ವ್ಯವಹಾರಕ್ಕೂ ಯಜಮಾನನ ರುಜು ಬೇಕು. ಈ ಒಂದು ವ್ಯವಹಾರದಲ್ಲಿ ಮಾತ್ರ ಯಜಮಾನರು ನಾಪತ್ತೆ!

ಮೊದಲು ಹೀಗಿರಲಿಲ್ಲ. ಸಂತಾನ ನಿಯಂತ್ರಣದ ಮಾತು ನಮ್ಮ ನಾಡಿಗೆ ಹೊಸದಲ್ಲ. 1921ರಲ್ಲಿ ರಘುನಾಥ ಧೋಂಡೊ ಕರ್ವೆಯವರು ಮುಂಬಯಿಯಲ್ಲಿ ಇದಕ್ಕಾಗಿಯೇ ಚಿಕಿತ್ಸಾಲಯ ತೆರೆದರು. ಆಗ ಬಿಜಾಪುರವೂ ಆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲೇ ಇಂಥ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತು. 1952ರಲ್ಲಿ ಭಾರತ ಸರ್ಕಾರದ ಕುಟುಂಬ ಯೋಜನೆ ಆರಂಭವಾಯಿತು. ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ಗಂಡಸರೇ ಹೆಚ್ಚು. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನ ಒಂದೇ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿ ಗಂಡಸರು ಮಾಡಿಸಿಕೊಂಡರು.

ಆಮೇಲೆ ಬಂದದ್ದು ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳಾದವು; ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಇಷ್ಟು ‘ಕೇಸು’ ತಾರದಿದ್ದರೆ ಸಂಬಳವಿಲ್ಲವೆಂದು ಶಾಲಾ ಮಾಸ್ತರರನ್ನೂ ಹೆದರಿಸಿದ ಕಾಲವದು. ಉತ್ತರ ಭಾರತದಲ್ಲಿ ಬಲಾತ್ಕಾರ ಅತಿರೇಕಕ್ಕೆ ಹೋಯಿತು. 1977ರ ಚುನಾವಣೆಯಲ್ಲಿ ಅಲ್ಲಿಯ ಜನ ಅದಕ್ಕೆ ಉತ್ತರ ಕೊಟ್ಟರು. ‘ಕುಟುಂಬ ಯೋಜನೆ’ ಹೆಸರು ಬದಲಿಸಿ ‘ಕುಟುಂಬ ಕಲ್ಯಾಣ’ವಾಯಿತು, ಗಂಡಸರ ಗೊಡವೆಯೇ ಬೇಡವೆಂದು ಇಲಾಖೆ ಹೆಂಗಸರ ಕಡೆ ತಿರುಗಿತು. ಗಂಡಸರಿಗಾದ ಅನ್ಯಾಯದ ದಂಡವನ್ನು ಅಂದಿನಿಂದ ಹೆಂಗಸರು ತೆರುತ್ತಿದ್ದಾರೆಂದರೆ ತಪ್ಪಾಗಲಾರದು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರ ಬಳಿಕ ಹದಿಮೂರು ಮಂದಿ ತಾಯಂದಿರು ಪ್ರಾಣ ಬಿಟ್ಟರು. ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸುವತ್ತ ಸಾಗಬೇಕೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು.

ಇನ್ನು ಮನೆಯ ಮಾತು. ತಿಕೋಟಾದ ಕಡೆ ದ್ರಾಕ್ಷಿ ತೋಟವಿರುವ ಪರಿಚಿತರೊಬ್ಬರಿದ್ದಾರೆ, ಹೆಸರು ಬೇಡ. ಇಬ್ಬರು ಮಕ್ಕಳು, ಎರಡೂ ಹೊಟ್ಟೆ ಕೊಯ್ದು ತೆಗೆದವು. ಎರಡನೆಯ ಹೆರಿಗೆಯಲ್ಲೇ ಆಕೆಯ ಆಪರೇಶನ್ ಆಗಿಬಿಡಬಹುದಾಗಿತ್ತು. ಆದರೆ ಕೂಸು ತೂಕ ಕಡಿಮೆಯಿದ್ದು ಹುಟ್ಟಿತ್ತು. ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಮುಂದೂಡಿದರು. ಕೂಸು ಗಟ್ಟಿಯಾಯಿತು, ವರ್ಷ ತುಂಬಿತು, ತಾಯಿಗೆ ಮಾತ್ರ ರಕ್ತ ಕೂಡಲಿಲ್ಲ. ಆಗ ಈತ ನಾನೇ ಮಾಡಿಸಿಕೊಳ್ಳುತ್ತೇನೆಂದ. ಮನೆಯಲ್ಲಿ ದೊಡ್ಡ ರಾದ್ಧಾಂತ.

‘ನಿನ್ನ ಮೈಗ್ಯಾಕ ಕತ್ತಿ ಹಚ್ಚಿಸ್ಕೋತಿ ತಮ್ಮಾ? ದುಡಿಯೋ ಮೈ ಐತಿ. ಆಕಿಗಿ ಮಾಡಿಸಿದ್ರ ಆತು’ ಎಂದಳು ಅವ್ವ.

ಸೊಸೆ ಅತ್ತೆಯೆದುರು ದನಿ ಎತ್ತಿದವಳಲ್ಲ. ಅಂದು ಮಾತ್ರ, ‘ನನಗ ಎರಡ ಸಲ ಹೊಟ್ಟಿ ಕೊಯ್ದಾರ್ರಿ ಅತ್ತಿ. ಮೂರನೇದಕ್ಕೂ ನಾನ ಆಗಬೇಕೇನ್ರಿ?’ ಎಂದಳಂತೆ.

ಅವ್ವನ ಭಯ ಊರಿನ ಭಯವೇ. ‘ಕಸುವು’ ಹೋಗುತ್ತದೆ, ಗಂಡಸುತನ ಕುಗ್ಗುತ್ತದೆ ಎಂಬ ನಂಬಿಕೆ ಬಬಲೇಶ್ವರದ ಕಟ್ಟೆಯ ಮೇಲಿದ್ದಷ್ಟೇ ನಗರದ ಓದಿದವರ ಮನೆಯಲ್ಲಿಯೂ ಇದೆ. ಓದಿದವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾದರೆ ಶರೀರದಲ್ಲಿ ನಡೆಯುವುದೇನು? ವೃಷಣಗಳಿಗೆ ಎರಡು ಕೆಲಸಗಳು. ವೀರ್ಯಾಣುಗಳನ್ನು ಹುಟ್ಟಿಸುವುದು ಒಂದು. ಪುರುಷ ಹಾರ್ಮೋನನ್ನು ನೇರವಾಗಿ ರಕ್ತಕ್ಕೆ ಸೇರಿಸುವುದು ಇನ್ನೊಂದು. ವ್ಯಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಮಾತ್ರ. ಹಾರ್ಮೋನಿನ ದಾರಿಗೆ ಅದು ಅಡ್ಡ ಬರುವುದೇ ಇಲ್ಲ. ಬಯಕೆ, ಶಕ್ತಿ, ಗಡ್ಡಮೀಸೆ ಎಲ್ಲವೂ ಇದ್ದಂತೆಯೇ ಇರುತ್ತವೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ಅತ್ಯಲ್ಪವಾದ್ದರಿಂದ ಅದರ ಪ್ರಮಾಣದಲ್ಲಿಯೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

ಕತ್ತಿಯ ಮಾತೂ ಹಳೆಯದಾಯಿತು. 1974ರಲ್ಲಿ ಚೀನದ ವೈದ್ಯ ಲಿ ಷುನ್‌ಚಿಯಾಂಗ್ ರೂಪಿಸಿದ ವಿಧಾನದಲ್ಲಿ ಕತ್ತಿಯಿಲ್ಲ, ಹೊಲಿಗೆಯಿಲ್ಲ. ಆ ಜಾಗಕ್ಕೆ ಮಾತ್ರ ಮರವು ಬರುವ ಸೂಜಿ ಕೊಟ್ಟು, ಚರ್ಮದಲ್ಲಿ ಒಂದು ಸಣ್ಣ ರಂಧ್ರ ಮಾಡಿ ಅದರಿಂದಲೇ ನಾಳಗಳನ್ನು ಹೊರಗೆಳೆದು ಕೆಲಸ ಮುಗಿಸುತ್ತಾರೆ. ಬಹುಮಟ್ಟಿಗೆ ಅರ್ಧ ಗಂಟೆಯೊಳಗಿನ ಮಾತು. ಅಂದೇ ಮನೆಗೆ ನಡೆದು ಹೋಗಬಹುದು. ಹೆಂಗಸರಿಗಾದರೆ ಹೊಟ್ಟೆಯೊಳಕ್ಕೇ ಇಳಿಯಬೇಕು.

ತೊಂದರೆಯೇ ಇಲ್ಲವೆಂದರೆ ಸುಳ್ಳಾದೀತು. ಕೆಲವರಿಗೆ ಬಾವು, ರಕ್ತ ಹೆಪ್ಪುಗಟ್ಟುವಿಕೆ, ಸೋಂಕು ಆಗುವುದುಂಟು. ನೂರರಲ್ಲಿ ಒಬ್ಬಿಬ್ಬರಿಗೆ ನೋವು ಬಹುಕಾಲ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು, ಹರ್ನಿಯಾ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದದ್ದು ಮುಂದಿನ ಮೂರು ತಿಂಗಳ ವಿಷಯ. ಸಂಸಾರಗಳು ಮುರಿಯುವುದು ಇಲ್ಲಿಯೇ. ನಾಳ ಕಟ್ಟಿದ ದಿನವೇ ಗಂಡಸು ನಿರಪಾಯನಾಗುವುದಿಲ್ಲ. ಕಟ್ಟಿನ ಮುಂದಿನ ದಾರಿಯಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. ಅವು ತೀರುವವರೆಗೆ, ಸುಮಾರು ಮೂರು ತಿಂಗಳು, ಬೇರೆ ಸಾಧನ ಬಳಸಲೇಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ನಿಶ್ಚಿಂತೆ. ಇದನ್ನು ತಿಳಿಯದೆ ನಡೆದುಕೊಂಡು, ಎರಡನೆಯ ತಿಂಗಳಲ್ಲಿ ಹೆಂಡತಿ ಬಸಿರಾದರೆ ಗತಿಯೇನು? ‘ಗಂಡನಿಗೆ ಆಪರೇಶನ್ ಆಗಿದೆ, ಇವಳಿಗೆ ಹೊಟ್ಟೆ ಹೇಗೆ ಬಂತು?’ ಎಂದು ಓಣಿ ಕೇಳುತ್ತದೆ. ಓಣಿಗಿಂತ ಮೊದಲು ಗಂಡನ ಕಣ್ಣೇ ಕೇಳುತ್ತದೆ. ಪರೀಕ್ಷೆ ಪಾಸಾದ ಮೇಲೂ ಎರಡು ಸಾವಿರದಲ್ಲಿ ಒಬ್ಬರಿಗೆಂಬಷ್ಟು ವಿರಳವಾಗಿ ನಾಳ ತಾನಾಗಿ ಕೂಡಿಕೊಳ್ಳುವುದುಂಟು. ಆದ್ದರಿಂದ ಸಂಶಯ ಬಂದಾಗ ಪರೀಕ್ಷೆಗೆ ಹೋಗಬೇಕಾದವನು ಗಂಡ. ಹೆಂಡತಿಯ ಶೀಲವನ್ನು ಪರೀಕ್ಷೆಗೆ ಒಡ್ಡುವುದು ಅಧಮತನ.

ಇನ್ನೊಂದು ವಿಚಾರ ಮನಸ್ಸಿನದು. ಇದು ಶಾಶ್ವತವಾದ ಕ್ರಮ. ಮತ್ತೆ ನಾಳ ಜೋಡಿಸುವ ಶಸ್ತ್ರಚಿಕಿತ್ಸೆ ಉಂಟು, ಫಲದ ಭರವಸೆಯಿಲ್ಲ. ಅದನ್ನು ನಂಬಿಕೊಂಡು ಹೋಗುವವರು ಹೋಗದಿರುವುದೇ ಲೇಸು. ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂದು ಲೆಕ್ಕ ಸರಿಹೋದವರಿಗೆ ಸುಲಭ. ಎರಡೂ ಹೆಣ್ಣಾದವರು ತಮ್ಮ ಮನಸ್ಸು ಒಪ್ಪಿದೆಯೇ, ಇಲ್ಲ ಬರಿದೆ ಸುಮ್ಮನಾಗಿದೆಯೇ ಎಂಬುದನ್ನು ತಾವೇ ಕೇಳಿಕೊಳ್ಳಬೇಕು. ಸರ್ಕಾರದ ನಿಯಮದಂತೆ ಪುರುಷ ವಿವಾಹಿತನಾಗಿದ್ದು ಅರವತ್ತರ ಒಳಗಿನವನಾಗಿರಬೇಕು. ಒಂದು ವರ್ಷ ಮೀರಿದ ಒಂದು ಮಗುವಾದರೂ ಇರಬೇಕು. ಹೆಂಡತಿಯ ಸಹಿ ಕಡ್ಡಾಯವಲ್ಲ. ಸಹಿ ಬೇಡವಾದರೂ ಮಾತು ಬೇಕು.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ‘ಪುರುಷರ ಪಖವಾಡ’ವೆಂದು ಸರ್ಕಾರ ಪ್ರಚಾರ ಮಾಡುತ್ತದೆ. ದಿಲ್ಲಿಯಲ್ಲಿ ಆ ದಿನಗಳನ್ನು ಗೊತ್ತುಮಾಡಿದವರಿಗೆ ದ್ರಾಕ್ಷಿಯ ಪರಿಚಯವಿದ್ದಂತಿಲ್ಲ. ಅಕ್ಟೋಬರಿನಲ್ಲಿ ಬಳ್ಳಿಗೆ ಕತ್ತರಿ ಹಾಕಿದ ಮೇಲೆ ತಿಕೋಟಾದ ತೋಟಗಾರನಿಗೆ ಔಷಧಿ ಹೊಡೆಯುವುದರಲ್ಲೇ ಹಗಲು ಕಳೆಯುತ್ತದೆ. ಎರಡು ದಿನ ವಿಶ್ರಾಂತಿ, ವಾರವಿಡೀ ಭಾರ ಎತ್ತಬಾರದೆಂದರೆ ಯಾವಾಗ ಆದೀತು? ಆದರೆ ಪಖವಾಡಕ್ಕಾಗಿಯೇ ಕಾಯಬೇಕಾಗಿಲ್ಲ. ಉಳಿದ ತಿಂಗಳಲ್ಲಿಯೂ ವಿಚಾರಿಸಬಹುದು. ನಮ್ಮ ಪರಿಚಿತರು ಒಣದ್ರಾಕ್ಷಿಯ ಕೆಲಸವೆಲ್ಲ ತೀರಿದ ಮೇಲೆ ಒಂದು ಮುಂಜಾನೆ ನಗರಕ್ಕೆ ಬಂದು ಮಾಡಿಸಿಕೊಂಡು ಹೋದರು. ಮೂರನೆಯ ದಿನ ತೋಟದ ಬದುವಿನ ಮೇಲಿದ್ದರಂತೆ. ಭಾರದ ಚೀಲಗಳನ್ನು ಮಾತ್ರ ಆ ವಾರ ಆಳುಗಳಿಂದ ಎತ್ತಿಸಿದರು. ಮೂರು ತಿಂಗಳ ಮೇಲೆ ಪರೀಕ್ಷೆಯ ಸೀಸೆ ಹಿಡಿದು ಹೊರಡುವಾಗ ಅವ್ವ, ‘ಇನ್ನೂ ಮುಗೀಲಿಲ್ಲೇನು?’ ಎಂದು ಕೇಳಿದಳು. ‘ಇವತ್ತ ಮುಗೀತೈತಿ ಅವ್ವಾ’ ಎಂದು ಬಸ್ಸು ಹತ್ತಿದರು.